‘ದಿ ವೇಸ್ಟ್ ಲ್ಯಾಂಡ್’ ಕಾವ್ಯವೂ ಅದರ ವಿಮರ್ಶಾಪರಂಪರೆಯೂ

೧

ಬೃಹದಾರಣ್ಯಕೋಪನಿಷತ್ತಿನ ಐದನೆಯ ಅಧ್ಯಾಯದ ಎರಡನೆಯ ಬ್ರಾಹ್ಮಣದಲ್ಲಿ ಬರುವ ಕಥೆ ನಮ್ಮ ವಾಚಕರಿಗೆ ಪರಿಚಿತವಾದುದೇ. ಪ್ರಜಾಪತಿಯ ಮಕ್ಕಳಾದ ದೇವತೆಗಳು, ಮನುಷ್ಯರು, ಅಸುರರು ಈ ಮೂವರೂ ತಂದೆಯಲ್ಲಿ ಬ್ರಹ್ಮಚರ್ಯದಿಂದಿದ್ದು, ಕಡೆಗೆ ಉಪದೇಶವನ್ನು ಬೇಡಿದರು. ಆತನು ಮೂರು ಗುಂಪಿಗೂ ‘ದ’ ಎಂಬ ಒಂದೇ ಅಕ್ಷರವನ್ನು ನುಡಿದನು. ದೇವತೆಗಳು ಅದನ್ನು ‘ದಾಮ್ಯತ’, ಎಂದರೆ ಇಂದ್ರಿಯಗಳನ್ನು ನಿಗ್ರಹಿಸಿರಿ, ಎಂದು ತಿಳಿದರು. ಮನುಷ್ಯರು ‘ದತ್ತ’, ಕೊಡಿರಿ, ಎಂದು ತಿಳಿದರು. ಅಸುರರು ‘ದಯಧ್ವಂ’, ದಯೆ ತೋರಿರಿ, ಎಂದು ತಿಳಿದರು. ತಿಳಿಯಿತೆ ಎಂದು ಪ್ರಜಾಪತಿಯು ಪ್ರತಿಯೊಂದು ಸಲವೂ ಕೇಳಿದನು. ಅವರು ತಮಗೆ ತಿಳಿದುದನ್ನು ಹೇಳಲು ‘ಓಂ’ ಎಂದು ಒಪ್ಪಿದನು. ಗುಡುಗಿನ ದೈವೀವಾಕ್ಕು ಇಂದಿಗೂ ಆ ಅಕ್ಷರವನ್ನೇ ಮೂರಾವರ್ತಿ ಉಚ್ಚರಿಸುತ್ತಿದೆ ಎಂಬುದು ಕಥೆಯ ಮುಕ್ತಾಯ.

ಈ ಕಥೆಯನ್ನು ತನ್ನ ಕೊನೆಯ ಭಾಗಕ್ಕೆ ಆಧಾರವಾಗಿ ಇಟ್ಟುಕೊಂಡ ಇಂಗ್ಲಿಷ್ ಕಾವ್ಯವು ಟಿ. ಎಸ್. ಎಲಿಯಟನ ‘ದಿ ವೇಸ್ಟ್ ಲ್ಯಾಂಡ್’. ೧೯೨೨ರಲ್ಲಿ ಪ್ರಕಟವಾದ ಈ ಕೃತಿಯು ಇಂಗ್ಲಿಷ್ ಭಾಷೆಯ ನವ್ಯಕಾವ್ಯಕ್ಕೆ ಮುಖ್ಯ ನಿದರ್ಶನವೆಂದು ಗಣಿತವಾಗಿದೆ. ಅದರ ವಿಮರ್ಶೆಯ ಚರಿತ್ರೆಯನ್ನು ನೋಡಿದರೆ ಪ್ರಜಾಪತಿಯ ಸಭೆಯೇ ನೆನಪಿಗೆ ಬರುತ್ತದೆ. ಒಬ್ಬನು ಅದನ್ನು ಗ್ರಂಥಕೀಟದ ಕೆಲಸವೆಂದನು; ಮತ್ತೊಬ್ಬನು ನಂಬಿಕೆಯನ್ನು ಕಳೆದುಕೊಂಡ ಒಂದು ತಲೆಮಾರಿನ ಸಂಗೀತವೆಂದನು; ಮೂರನೆಯವನು ಮರೆಯಾಗಿ ಹೇಳಿದ ಶ್ರದ್ಧೆಯ ಕಾವ್ಯವೆಂದನು. ಈ ಭಿನ್ನಾಭಿಪ್ರಾಯಗಳು ಹೇಗೆ ಹುಟ್ಟಿದವು ಎಂಬುದನ್ನು ಕಾಲಾನುಕ್ರಮವಾಗಿ ನಿರೂಪಿಸುವುದು ಈ ಲೇಖನದ ಮೊದಲ ಉದ್ದೇಶ. ಕಾವ್ಯದ ಅಂತ್ಯವನ್ನು ಕುರಿತ ವಿವಾದವನ್ನು ತೂಗಿ ನೋಡಲು ಆ ಅಂತ್ಯಕ್ಕೆ ಮೂಲವಾದ ಉಪನಿಷದ್ವಾಕ್ಯವೇ ನಮಗೆ ನೆರವಾಗಬಲ್ಲದೆ ಎಂದು ವಿಚಾರಿಸುವುದು ಎರಡನೆಯ ಉದ್ದೇಶ.

೨

ಎಲಿಯಟನು ೧೮೮೮ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದನು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ೧೯೧೧ರಿಂದ ಮುಂದಕ್ಕೆ ಎರಡು ವರ್ಷ ಚಾರ್ಲ್ಸ್ ಲ್ಯಾನ್ಮನ್ ಎಂಬ ಪಂಡಿತನಲ್ಲಿ ಸಂಸ್ಕೃತವನ್ನೂ, ಜೇಮ್ಸ್ ವುಡ್ಸ್ ಎಂಬಾತನಲ್ಲಿ ಪತಂಜಲಿಯ ಯೋಗಶಾಸ್ತ್ರವನ್ನೂ ವ್ಯಾಸಂಗ ಮಾಡಿದನು. ಅನಂತರ ಇಂಗ್ಲೆಂಡಿನಲ್ಲಿ ನೆಲೆಸಿ, ೧೯೧೭ರಿಂದ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದನು. ೧೯೨೧ರ ಶರತ್ಕಾಲದಲ್ಲಿ ಮನಸ್ಸಿನ ಆಯಾಸದಿಂದ ಬ್ಯಾಂಕಿನ ಕೆಲಸಕ್ಕೆ ರಜ ಪಡೆದು, ಮೊದಲು ಮಾರ್ಗೇಟಿನಲ್ಲಿಯೂ ಆಮೇಲೆ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿಯೂ ಇದ್ದು ಕಾವ್ಯವನ್ನು ಪೂರೈಸಿದನು. ಹಸ್ತಪ್ರತಿಯನ್ನು ಎಜ್ರಾ ಪೌಂಡನು ತಿದ್ದಿ, ದೀರ್ಘವಾದ ಖಂಡಗಳನ್ನು ಹೊಡೆದುಹಾಕಿದನು. ಉಳಿದುದು ಐದು ಭಾಗಗಳ, ಸುಮಾರು ೪೩೦ ಪಂಕ್ತಿಗಳ ಕಾವ್ಯ.

ಇದರ ಪ್ರಕಟನೆಯ ಕ್ರಮವನ್ನು ವಾಚಕರು ಸ್ವಲ್ಪ ಗಮನವಿಟ್ಟು ನೋಡಬೇಕು. ವಿಮರ್ಶೆಯ ದಾರಿಯನ್ನು ಬಹುಮಟ್ಟಿಗೆ ಅದೇ ನಿರ್ಣಯಿಸಿತು. ೧೯೨೨ರ ಅಕ್ಟೋಬರಿನಲ್ಲಿ ಎಲಿಯಟನೇ ಸಂಪಾದಕನಾಗಿದ್ದ ‘ದಿ ಕ್ರೈಟೀರಿಯನ್’ ಎಂಬ ಲಂಡನ್ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿಯೂ, ನವೆಂಬರಿನಲ್ಲಿ ನ್ಯೂಯಾರ್ಕಿನ ‘ದಿ ಡಯಲ್’ ಪತ್ರಿಕೆಯಲ್ಲಿಯೂ ಕಾವ್ಯವು ಬೆಳಕಿಗೆ ಬಂದಿತು. ಈ ಎರಡು ಕಡೆಯೂ ಟಿಪ್ಪಣಿಗಳಿರಲಿಲ್ಲ. ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೋನಿ ಅಂಡ್ ಲಿವರೈಟ್ ಸಂಸ್ಥೆಯವರು ೧,೦೦೦ ಪ್ರತಿಗಳ ಪುಸ್ತಕವಾಗಿ ಹೊರತಂದಾಗಲೇ ಕವಿಯ ಟಿಪ್ಪಣಿಗಳು ಅದಕ್ಕೆ ಸೇರಿದುವು. ೧೯೨೩ರ ಸೆಪ್ಟೆಂಬರಿನಲ್ಲಿ ಲೆನರ್ಡ್ ಮತ್ತು ವರ್ಜೀನಿಯಾ ವುಲ್ಫ್ ದಂಪತಿಗಳ ಹೋಗಾರ್ತ್ ಮುದ್ರಣಾಲಯದಿಂದ ಹೊರಟ ಇಂಗ್ಲೆಂಡಿನ ಮೊದಲ ಪುಸ್ತಕರೂಪದ ಆವೃತ್ತಿಯಲ್ಲಿ ಸುಮಾರು ೪೬೦ ಪ್ರತಿಗಳು ಮಾತ್ರ ಇದ್ದುವು.

ಟಿಪ್ಪಣಿಗಳು ಏಕೆ ಬಂದುವೆಂಬುದನ್ನು ಕವಿಯೇ ೧೯೫೬ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮಾಡಿದ ಉಪನ್ಯಾಸದಲ್ಲಿ ತಿಳಿಸಿದ್ದಾನೆ. ತನ್ನ ಹಿಂದಿನ ಕವಿತೆಗಳಲ್ಲಿ ಕೃತಿಚೌರ್ಯವನ್ನು ಕಂಡವರ ಬಾಯಿ ಮುಚ್ಚಿಸಲು ಉದ್ಧೃತವಾಕ್ಯಗಳ ಮೂಲವನ್ನು ಸೂಚಿಸಬೇಕೆಂದಷ್ಟೇ ಮೊದಲು ಯೋಚಿಸಿದ್ದನು. ಪುಸ್ತಕಕ್ಕೆ ಕಾವ್ಯದ ಗಾತ್ರ ಸಾಲದೆ ಹೋದುದರಿಂದ ಪುಟಗಳನ್ನು ತುಂಬಲು ಅವನ್ನು ಬೆಳೆಸಬೇಕಾಯಿತು. ಹೀಗೆ ಬೆಳೆದುದು ಹುಸಿ ಪಾಂಡಿತ್ಯದ ಪ್ರದರ್ಶನವಾಯಿತೆಂದು ಆತನು ತನ್ನನ್ನು ತಾನೇ ಹಾಸ್ಯಮಾಡಿಕೊಂಡಿದ್ದಾನೆ. ಆದರೆ ಆ ವೇಳೆಗೆ ಟಿಪ್ಪಣಿಗಳು ಕಾವ್ಯದಿಂದ ಬೇರ್ಪಡಿಸಲಾರದ ಅಂಗವಾಗಿದ್ದುವು. ಜೆಸ್ಸಿ ವೆಸ್ಟನ್ ಎಂಬ ವಿದುಷಿಯು ೧೯೨೦ರಲ್ಲಿ ಪ್ರಕಟಿಸಿದ್ದ ‘ಫ್ರಮ್ ರಿಚುಯಲ್ ಟು ರೊಮಾನ್ಸ್’ ಎಂಬ ಪುಸ್ತಕದಿಂದ ಕಾವ್ಯದ ಹೆಸರೂ ರಚನೆಯೂ ಸೂಚಿತವಾದುವೆಂದು ಟಿಪ್ಪಣಿ ಹೇಳಿತು. ವಿಮರ್ಶಕರು ಆ ಪುಸ್ತಕವನ್ನು ಹಿಡಿದು ಹೊರಟರು.

೩

ಟಿಪ್ಪಣಿಗಳಿಲ್ಲದೆ ಓದಿದವರ ಅಭಿಪ್ರಾಯಕ್ಕೂ ಟಿಪ್ಪಣಿಗಳೊಡನೆ ಓದಿದವರ ಅಭಿಪ್ರಾಯಕ್ಕೂ ನಡುವೆ ಒಂದು ವ್ಯತ್ಯಾಸ ಗಮನಾರ್ಹವಾಗಿದೆ. ೧೯೨೨ರ ಅಕ್ಟೋಬರ್ ೨೬ರ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಪತ್ರಿಕೆಯಲ್ಲಿ ‘ಕ್ರೈಟೀರಿಯನ್’ ಸಂಚಿಕೆಯನ್ನು ಕುರಿತು ಬಂದ ಬರವಣಿಗೆಯು, ಬಾಳಿನಲ್ಲಿ ಹೊಲಸೂ ಚೆಲುವೂ ಬಿಡಿಸಲಾರದಂತೆ ಹೆಣೆದುಕೊಂಡಿರುವುದನ್ನು ಈ ಕವಿಯಷ್ಟು ಮನಮುಟ್ಟುವಂತೆ ತೋರಿಸಬಲ್ಲ ಆಧುನಿಕರು ಬೇರೆ ಇಲ್ಲವೆಂಬ ಅರ್ಥದಲ್ಲಿ ಪ್ರಶಂಸೆ ಮಾಡಿತು. ವಿದ್ವತ್ತಿನ ಹೊರೆಯ ಮಾತು ಅಲ್ಲಿ ಮುಖ್ಯವಾಗಲಿಲ್ಲ. ಮರುವರ್ಷದ ವಿಮರ್ಶಕರಿಗೆ ಅದೇ ಮುಖ್ಯ ಪ್ರಶ್ನೆಯಾಯಿತು.

ಅಮೆರಿಕದಲ್ಲಿ ಕಾವ್ಯದ ಪರವಾಗಿ ಮೊದಲು ವಿಸ್ತಾರವಾಗಿ ಬರೆದವನು ಎಡ್ಮಂಡ್ ವಿಲ್ಸನ್. ೧೯೨೨ರ ಡಿಸೆಂಬರಿನ ‘ಡಯಲ್’ ಪತ್ರಿಕೆಯಲ್ಲಿ ಆತನು ವೆಸ್ಟನ್ನಳ ಪುಸ್ತಕದ ಆಧಾರದಿಂದ ಬಂಜರಾದ ನಾಡಿನ, ಗಾಯಗೊಂಡ ರಾಜನ ಐತಿಹ್ಯವನ್ನು ವಿವರಿಸಿದನು; ಮೂಲಗಳನ್ನು ತಿಳಿಯದವನಿಗೂ ಕಾವ್ಯದ ಭಾವ ಮುಟ್ಟದೆ ಇರದೆಂದು ವಾದಿಸಿದನು. ಅದೇ ಪತ್ರಿಕೆಯವರು ಎಲಿಯಟನಿಗೆ ಆ ವರ್ಷದ ೨,೦೦೦ ಡಾಲರುಗಳ ಬಹುಮಾನವನ್ನು ಕೊಟ್ಟರು. ಕವಿಯ ಹಾರ್ವರ್ಡ್ ದಿನಗಳ ಗೆಳೆಯನಾದ ಕಾನ್ರಡ್ ಏಕನ್ ಎಂಬ ಕವಿಯು ೧೯೨೩ರ ಫೆಬ್ರವರಿಯ ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತನ್ನು ಹೇಳಿದನು. ಈ ಕಾವ್ಯಕ್ಕೆ ಐತಿಹ್ಯದ ಚೌಕಟ್ಟು ನಿಜವಾಗಿ ಹೊಂದಿಕೊಂಡಿಲ್ಲ, ಅದು ಗೆದ್ದಿರುವುದು ತನ್ನ ಅಸಂಬದ್ಧತೆಯ ಬಲದಿಂದಲೇ ಎಂಬುದು ಅವನ ತೀರ್ಮಾನ. ಚದುರಿದ ಚಿತ್ರಗಳೇ ಚದುರಿದ ಚಿತ್ತವನ್ನು ನಿಜವಾಗಿ ತೋರಿಸುತ್ತವೆ ಎಂಬ ಈ ವಾದವು ಮುಂದಿನ ಚರ್ಚೆಗಳಿಗೆ ಬೀಜವಾಯಿತು.

ವಿರೋಧಿಗಳ ಮಾತೂ ಕಡಮೆ ಬಲವುಳ್ಳದ್ದಾಗಿರಲಿಲ್ಲ. ೧೯೨೩ರ ಮಾರ್ಚಿಯಲ್ಲಿ ಹೊರಟ ‘ಟೈಮ್’ ವಾರಪತ್ರಿಕೆಯ ಮೊದಲನೆಯ ಸಂಚಿಕೆಯೇ, ಇದು ಓದುಗರನ್ನು ಮೋಸಗೊಳಿಸಲು ಬರೆದ ಕುಚೇಷ್ಟೆಯೆಂಬ ವದಂತಿಯನ್ನು ಪ್ರಕಟಿಸಿತು. ಲಂಡನ್ನಿನಲ್ಲಿ ಜೆ. ಸಿ. ಸ್ಕ್ವಯರನು ಹಲವು ಸಲ ಓದಿದರೂ ತಲೆಬುಡ ತಿಳಿಯಲಿಲ್ಲವೆಂದು ತನ್ನ ಪತ್ರಿಕೆಯಾದ ‘ಲಂಡನ್ ಮರ್ಕ್ಯುರಿ’ಯಲ್ಲಿ ಹೇಳಿದನು. ನವೆಂಬರಿನ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಎಫ್. ಎಲ್. ಲ್ಯೂಕಸನು ಬರೆದ ವಿಮರ್ಶೆ ಇವೆಲ್ಲಕ್ಕಿಂತ ತೀಕ್ಷ್ಣವಾದದ್ದು. ಕೇಂಬ್ರಿಜ್ಜಿನ ಗ್ರೀಕ್ ಪಂಡಿತನಾದ ಆತನಿಗೆ ಎಲಿಯಟನಲ್ಲಿ ಕಂಡುದು ಹಳೆಯ ಅಲೆಗ್ಸಾಂಡ್ರಿಯ ನಗರದ ಪುಸ್ತಕಭಂಡಾರದಲ್ಲಿ ಹುಟ್ಟಿದ ಪಂಡಿತಕಾವ್ಯದ ಪುನರ್ಜನ್ಮ. ಟಿಪ್ಪಣಿಯಿಂದ ಅರ್ಥಮಾಡಿಸಬೇಕಾದ ಪದ್ಯವು, ಇದು ನಾಯಿ ಎಂದು ಕೆಳಗೆ ಬರೆದು ತಿಳಿಸಬೇಕಾದ ಚಿತ್ರದಂತೆ ಎಂಬರ್ಥದ ಅವನ ಪರಿಹಾಸ ಪ್ರಸಿದ್ಧವಾಗಿದೆ.

ಈ ಆಕ್ಷೇಪವನ್ನು ಅಲ್ಲಗಳೆಯುವುದು ಅಷ್ಟು ಸುಲಭವಲ್ಲ. ನಮ್ಮ ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಲ್ಯೂಕಸನ ದೂರು ಪ್ರಸಾದಗುಣದ ಅಭಾವವನ್ನು ಕುರಿತದ್ದು. ಕ್ಲಿಷ್ಟತ್ವವನ್ನು ನಮ್ಮ ಲಾಕ್ಷಣಿಕರೂ ದೋಷವೆಂದೇ ಎಣಿಸಿದ್ದಾರೆ. ಆದರೆ ದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ವಿಭಾಗಿಸಿ, ಒಂದು ರಸಕ್ಕೆ ದೋಷವಾದುದು ಇನ್ನೊಂದಕ್ಕೆ ಪೋಷಕವಾದೀತೆಂದು ಹೇಳಿದವರೂ ಅವರೇ. ೧೯೨೩ರ ಬೇಸಗೆಯಲ್ಲಿ ಅಮೆರಿಕದ ಜಾನ್ ಕ್ರೋ ರ್‍ಯಾನ್ಸಮನು ಈ ಕಾವ್ಯಕ್ಕೆ ಏಕತೆಯಿಲ್ಲವೆಂದು ದೂರಿದಾಗ, ಅವನ ಶಿಷ್ಯನಾಗಿದ್ದ ಅಲೆನ್ ಟೇಟನು ಪತ್ರಮುಖೇನ ಗುರುವನ್ನು ಬಹಿರಂಗವಾಗಿ ವಿರೋಧಿಸಿ, ಆ ರೂಪವೇ ಕಾವ್ಯದ ಅರ್ಥವೆಂದು ಸಾಧಿಸಲು ಹೊರಟುದು ಇದೇ ತತ್ತ್ವದ ಮೇಲೆ. ಗುರುಶಿಷ್ಯರಿಬ್ಬರೂ ಮುಂದೆ ಅಮೆರಿಕದ ನವವಿಮರ್ಶೆಗೆ ಮುಖ್ಯರಾದರೆಂಬುದನ್ನು ಇಲ್ಲಿ ಸ್ಮರಿಸಬಹುದು.

೪

ಎರಡನೆಯ ಘಟ್ಟದಲ್ಲಿ ಚರ್ಚೆಯು ಪತ್ರಿಕೆಗಳಿಂದ ವಿಶ್ವವಿದ್ಯಾನಿಲಯಗಳಿಗೆ ವರ್ಗವಾಯಿತು. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸನು ತನ್ನ ‘ಪ್ರಿನ್ಸಿಪಲ್ಸ್ ಆಫ್ ಲಿಟರರಿ ಕ್ರಿಟಿಸಿಸಮ್’ ಗ್ರಂಥದ ೧೯೨೬ರ ಆವೃತ್ತಿಗೆ ಎಲಿಯಟನ ಕವಿತೆಯನ್ನು ಕುರಿತ ಒಂದು ಅನುಬಂಧವನ್ನು ಸೇರಿಸಿದನು. ಕಾವ್ಯದ ಅಂಶಗಳನ್ನು ಒಂದು ತರ್ಕಸೂತ್ರವು ಹಿಡಿದಿಲ್ಲ. ಅವುಗಳಿಂದ ಹುಟ್ಟುವ ಭಾವಗಳ ಹೊಂದಿಕೆ, ವಿರೋಧ, ಪರಸ್ಪರ ಸ್ಪಂದನಗಳಿಂದ ಒಂದು ವಿಚಾರಸಂಗೀತ ಏರ್ಪಟ್ಟಿದೆ ಎಂಬುದು ಅವನ ವಿವರಣೆ. ಅದೇ ವರ್ಷದ ‘ಸೈನ್ಸ್ ಅಂಡ್ ಪೊಯಟ್ರಿ’ ಎಂಬ ಕಿರುಹೊತ್ತಗೆಯಲ್ಲಿ, ಈ ಕವಿಯು ತನ್ನ ಕಾವ್ಯವನ್ನು ಎಲ್ಲ ನಂಬಿಕೆಗಳಿಂದಲೂ ಪೂರ್ತಿಯಾಗಿ ಬಿಡಿಸಿದ್ದಾನೆ ಎಂದೂ ಹೇಳಿದನು. ಎಲಿಯಟನಿಗೆ ಇದು ಒಪ್ಪಿಗೆಯಾಗಲಿಲ್ಲ. ೧೯೨೭ರಲ್ಲಿ ಆತನು ಇಂಗ್ಲೆಂಡಿನ ಕ್ರೈಸ್ತಸಭೆಯಲ್ಲಿ ದೀಕ್ಷೆ ಪಡೆದನು. ೧೯೩೧ರ ಒಂದು ಲೇಖನದಲ್ಲಿ, ಒಂದು ತಲೆಮಾರಿನ ಭ್ರಮನಿರಸನವನ್ನು ತಾನು ಬರೆದೆನೆಂಬ ಮಾತನ್ನು ತಳ್ಳಿಹಾಕಿ, ಭ್ರಮೆ ಹರಿದಿದೆಯೆಂಬ ಅವರ ಭ್ರಮೆಯನ್ನು ಬರೆದಿದ್ದರೂ ಬರೆದಿರಬಹುದೆಂದು ನುಡಿದನು.

ಎಫ್. ಆರ್. ಲೀವಿಸನು ೧೯೩೨ರ ‘ನ್ಯೂ ಬೇರಿಂಗ್ಸ್ ಇನ್ ಇಂಗ್ಲಿಷ್ ಪೊಯಟ್ರಿ’ ಎಂಬ ಗ್ರಂಥದಲ್ಲಿ ಕಾವ್ಯದ ಏಕತೆಯನ್ನು ಎಲ್ಲವನ್ನೂ ಒಳಗೊಳ್ಳುವ ಒಂದು ಪ್ರಜ್ಞೆಯ ಏಕತೆಯೆಂದು ನಿರೂಪಿಸಿ, ನಾಗರಿಕತೆಯ ಬೇರುಗಳು ಕಡಿದುಹೋಗಿರುವ ಸ್ಥಿತಿಯನ್ನು ಅದರಲ್ಲಿ ಕಂಡನು. ಐದು ವರ್ಷಗಳ ಅನಂತರ, ೧೯೩೭ರಲ್ಲಿ, ಅಮೆರಿಕದ ಕ್ಲಿಯಾಂತ್ ಬ್ರೂಕ್ಸನು ಮೊದಲಿನಿಂದ ಕೊನೆಯವರೆಗೆ ಭಾಗಭಾಗವಾಗಿ ವಿವರಿಸುವ ದೀರ್ಘಲೇಖನವನ್ನು ಬರೆದನು; ೧೯೩೯ರಲ್ಲಿ ಅದು ಅವನ ಗ್ರಂಥದಲ್ಲಿ ಸೇರಿತು. ಎರಡು ಬಗೆಯ ಬಾಳು ಎರಡು ಬಗೆಯ ಸಾವುಗಳ ವೈದೃಶ್ಯವೇ ಕಾವ್ಯದ ವಸ್ತುವೆಂದೂ, ಸವೆದುಹೋದ ಕ್ರೈಸ್ತ ಶ್ರದ್ಧೆಗೆ ಹೊಸ ಜೀವ ಕೊಡುವುದು ಅದರ ಗೂಢೋದ್ದೇಶವೆಂದೂ ಅವನ ಸಿದ್ಧಾಂತ. ಬ್ರೂಕ್ಸನ ಲೇಖನವು ಪಾಠ ಹೇಳುವವರಿಗೆ ಕೈಪಿಡಿಯಾಯಿತು. ಎಲಿಯಟನಿಗೆ ೧೯೪೮ರಲ್ಲಿ ನೊಬೆಲ್ ಪಾರಿತೋಷಕ ಬರುವ ವೇಳೆಗೆ, ಹುಡುಗಾಟವೆಂದು ಸಂಶಯಕ್ಕೆ ಈಡಾಗಿದ್ದ ಕಾವ್ಯವು ತರಗತಿಯ ಶಾಸ್ತ್ರಗ್ರಂಥವಾಗಿತ್ತು. ಇದನ್ನು ಎಲ್ಲರೂ ಲಾಭವೆಂದು ಎಣಿಸಲಿಲ್ಲ. ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಎಂಬ ಅಮೆರಿಕದ ಕವಿಯು ೧೯೫೧ರ ತನ್ನ ಆತ್ಮಕಥೆಯಲ್ಲಿ, ಈ ಕೃತಿಯು ಕವಿತೆಯನ್ನು ಮತ್ತೆ ಪಂಡಿತರ ಕೈಗೆ ಒಪ್ಪಿಸಿ ತನ್ನಂಥವರಿಗೆ ಮಹಾವಿಪತ್ತಾಯಿತೆಂದು ಹಲುಬಿದ್ದಾನೆ.

ಹೀಗೆ ರಿಚರ್ಡ್ಸನ ಕಿವಿಗೆ ನಂಬಿಕೆಯಿಲ್ಲದ ಸಂಗೀತ ಕೇಳಿಸಿತು. ಬ್ರೂಕ್ಸನ ಕಿವಿಗೆ ನಂಬಿಕೆಯ ಪುನರುಜ್ಜೀವನ ಕೇಳಿಸಿತು. ಇಬ್ಬರೂ ಒಂದೇ ಕಾವ್ಯವನ್ನು ಓದಿದವರು. ಇವರಲ್ಲಿ ಯಾರ ಮಾತು ಕಾವ್ಯಕ್ಕೆ ಹೆಚ್ಚು ಸಮೀಪವಾದುದು? ಇದನ್ನು ನಿಶ್ಚಯಿಸತಕ್ಕ ಸ್ಥಳ ಕಾವ್ಯದ ಕೊನೆ.

೫

ಐದನೆಯ ಭಾಗದ ಹೆಸರು ಗುಡುಗಿನ ನುಡಿಯನ್ನು ಸೂಚಿಸುತ್ತದೆ. ಅಲ್ಲಿ ಗಂಗೆ ಬತ್ತಿದೆ. ದೂರದಲ್ಲಿ ಹಿಮವಂತದ ಮೇಲೆ ಕಾರ್ಮುಗಿಲು ಕವಿದಿದೆ. ಗುಡುಗು ‘ದ’ ಎನ್ನುತ್ತದೆ. ಟಿಪ್ಪಣಿಯಲ್ಲಿ ಈ ಕಥೆಗೆ ಕವಿ ಸೂಚಿಸಿರುವ ಅನುವಾದವು ಡಾಯ್ಸನ್ ಪಂಡಿತನು ಅರುವತ್ತು ಉಪನಿಷತ್ತುಗಳನ್ನು ಜರ್ಮನ್ ಭಾಷೆಗೆ ತಂದ ೧೮೯೭ರ ಗ್ರಂಥದ್ದು. ಮ್ಯಾಕ್ಸ್ ಮುಲ್ಲರನ ಇಂಗ್ಲಿಷ್ ಅನುವಾದವು ೧೮೮೪ರಲ್ಲಿಯೂ, ಹ್ಯೂಮ್ ಪಂಡಿತನದು ೧೯೨೧ರಲ್ಲಿಯೂ ಪ್ರಕಟವಾಗಿದ್ದುವು. ಆದರೂ ಇಂಗ್ಲಿಷ್ ಓದುಗನು ಜರ್ಮನ್ ಪುಸ್ತಕಕ್ಕೆ ಕಳುಹಿಸಲ್ಪಟ್ಟನು. ಟಿಪ್ಪಣಿಯನ್ನು ಅವಲಂಬಿಸಿದ ವಿಮರ್ಶಕರು ಮೂರು ಪದಗಳ ಅರ್ಥವನ್ನು ತೆಗೆದುಕೊಂಡು ಮುಂದೆ ಸಾಗಿದರು. ಕಥೆಯಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಮೂಲದೊಡನೆ ಹೋಲಿಸುವುದು ಅವಶ್ಯಕ. ಹಾಗೆ ಹೋಲಿಸಿದರೆ ಮೂರು ವ್ಯತ್ಯಾಸಗಳು ಕಾಣುತ್ತವೆ.

ಮೊದಲನೆಯದು ಕ್ರಮದ ವ್ಯತ್ಯಾಸ. ಉಪನಿಷತ್ತಿನಲ್ಲಿ ದಮ, ದಾನ, ದಯೆ ಎಂಬ ಅನುಕ್ರಮವಿದೆ. ಎಲಿಯಟನಲ್ಲಿ ದಾನ, ದಯೆ, ದಮ ಎಂದಾಗಿದೆ. ಮನುಷ್ಯರಿಗೆ ತಿಳಿದ ಅರ್ಥವೇ ಇಲ್ಲಿ ಮೊದಲು ಬಂದಿದೆ.

ಎರಡನೆಯದು ಶ್ರೋತೃಗಳ ವ್ಯತ್ಯಾಸ. ಕಾವ್ಯದಲ್ಲಿ ದೇವತೆಗಳೂ ಇಲ್ಲ, ಅಸುರರೂ ಇಲ್ಲ. ಮೂರು ಆಜ್ಞೆಗಳೂ ಒಂದೇ ಮಾನವಪ್ರಜ್ಞೆಯ ಮೇಲೆ ಬೀಳುತ್ತವೆ. ಇದು ಮೂಲಕ್ಕೆ ಮಾಡಿದ ಅಪಚಾರವೆಂದು ಹೇಳಲಾಗದು. ಶ್ರೀ ಶಂಕರಭಗವತ್ಪಾದರು ಈ ಬ್ರಾಹ್ಮಣದ ಭಾಷ್ಯದಲ್ಲಿ, ದೇವತೆಗಳೂ ಅಸುರರೂ ಮನುಷ್ಯರಿಗಿಂತ ಬೇರೆಯಾಗಿ ಇರಬೇಕಾಗಿಲ್ಲವೆಂಬ ಪಕ್ಷವನ್ನು ಹೇಳಿದ್ದಾರೆ. ಉಳಿದ ಗುಣಗಳಿದ್ದು ದಮವೊಂದಿಲ್ಲದ ಮನುಷ್ಯರೇ ದೇವತೆಗಳು, ಲೋಭವುಳ್ಳವರು ಮನುಷ್ಯರು, ಹಿಂಸಾಪರರಾದ ಕ್ರೂರರು ಅಸುರರು. ಆದಕಾರಣ ಮೂರು ಉಪದೇಶಗಳೂ ಮನುಷ್ಯರಿಗೇ ಸಲ್ಲತಕ್ಕವು. ಭಾಷ್ಯಕಾರರ ಈ ನೋಟಕ್ಕೂ ಕಾವ್ಯದ ವಿನ್ಯಾಸಕ್ಕೂ ಇರುವ ಹೊಂದಿಕೆಯನ್ನು ಮಾತ್ರ ನಾವಿಲ್ಲಿ ತೋರಿಸುತ್ತಿದ್ದೇವೆ. ಪ್ರಭಾವದ ಮಾತನ್ನು ಆಡುತ್ತಿಲ್ಲ.

ಮೂರನೆಯ ವ್ಯತ್ಯಾಸವೇ ಪ್ರಕೃತಕ್ಕೆ ಮುಖ್ಯವಾದುದು. ಉಪನಿಷತ್ತಿನ ಶಿಷ್ಯರು ‘ತಿಳಿಯಿತು’ ಎಂದು ಉತ್ತರಿಸುತ್ತಾರೆ. ಪ್ರಜಾಪತಿಯು ‘ಓಂ’ ಎಂದು ಅನುಮತಿಸುತ್ತಾನೆ. ಕಾವ್ಯದಲ್ಲಿ ಗುಡುಗು ಆಜ್ಞಾಪಿಸುತ್ತದೆ. ಆದರೆ ತಿಳಿಯಿತೆಂದು ಯಾರೂ ಹೇಳುವುದಿಲ್ಲ. ಕೊಡಿರಿ ಎಂಬುದಕ್ಕೆ ಉತ್ತರವಾಗಿ, ನಾವು ಕೊಟ್ಟದ್ದೇನು ಎಂಬ ಪ್ರಶ್ನೆಯೂ, ಒಂದು ಕ್ಷಣ ಮೈಮರೆತು ತನ್ನನ್ನು ಒಪ್ಪಿಸಿಕೊಂಡ ಸ್ಮರಣೆಯೂ ಬರುತ್ತವೆ. ದಯೆ ತೋರಿರಿ ಎಂಬುದಕ್ಕೆ ಉತ್ತರವಾಗಿ ತಂತಮ್ಮ ಸೆರೆಮನೆಯಲ್ಲಿ ಬೀಗದ ಸದ್ದನ್ನು ಕೇಳುತ್ತ ಕುಳಿತ ಒಂಟಿ ಜೀವಗಳ ಚಿತ್ರ ಬರುತ್ತದೆ. ನಿಗ್ರಹಿಸಿರಿ ಎಂಬುದಕ್ಕೆ ನುರಿತ ಕೈಗೆ ಒಲಿದು ಸಾಗಿದ ದೋಣಿಯ ಚಿತ್ರ. ಒಂದು ಹೃದಯವೂ ಹಾಗೆ ಒಲಿಯುತ್ತಿತ್ತು, ಕರೆದಿದ್ದರೆ, ಎಂಬ ಕಳೆದುಹೋದ ಸಂಭವದ ಮಾತು. ಆಜ್ಞೆಗಳೆಲ್ಲ ಲೋಟ್ ಲಕಾರದಲ್ಲಿವೆ. ಉತ್ತರಗಳೋ ಭೂತಕಾಲದಲ್ಲಿ, ಪ್ರಶ್ನೆಯಲ್ಲಿ, ನೆರವೇರದ ಕ್ರಿಯೆಯಲ್ಲಿ ಇವೆ. ಪ್ರಜಾಪತಿಯ ಅನುಮತಿಯಾದ ಓಂಕಾರವು ಎಲ್ಲಿಯೂ ಕೇಳಿಬರುವುದಿಲ್ಲ. ಆಮೇಲೆ ಇಟಾಲಿಯನ್, ಲ್ಯಾಟಿನ್, ಫ್ರೆಂಚ್ ವಾಕ್ಯಖಂಡಗಳು ಚೂರುಚೂರಾಗಿ ಬಂದು, ಮೂರು ಸಂಸ್ಕೃತ ಪದಗಳು ಇನ್ನೊಮ್ಮೆ ಒಟ್ಟಿಗೆ ಉಚ್ಚರಿತವಾಗಿ, ಶಾಂತಿಶಬ್ದದ ತ್ರಿವಾರಪಠನದಿಂದ ಕಾವ್ಯ ಮುಗಿಯುತ್ತದೆ. ನಮ್ಮಲ್ಲಿ ಶಾಂತಿಪಾಠವು ಓಂಕಾರದೊಡನೆ ಪಠಿತವಾಗತಕ್ಕದ್ದು. ಇಲ್ಲಿ ಅಲ್ಲಿಯೂ ಓಂಕಾರವಿಲ್ಲ.

ಈ ಲೋಪವನ್ನು ಅರಿತ ಓದುಗನಿಗೆ ರಿಚರ್ಡ್ಸನ ಮಾತೂ ಬ್ರೂಕ್ಸನ ಮಾತೂ ಎರಡೂ ಅತಿಯೆಂದು ತೋರುತ್ತದೆ. ಉಪದೇಶವು ಕೇಳಿಸಿದೆ, ಆದುದರಿಂದ ಕಾವ್ಯವು ಎಲ್ಲ ನಂಬಿಕೆಗಳಿಂದ ಬಿಡುಗಡೆಯಾಯಿತೆನ್ನುವುದು ಸರಿಯಲ್ಲ. ಉಪದೇಶವು ಫಲಿಸಿತೆಂಬ ಅನುಮತಿ ದೊರೆತಿಲ್ಲ; ಆದುದರಿಂದ ಶ್ರದ್ಧೆಯು ಪುನಃಪ್ರತಿಷ್ಠಿತವಾಯಿತೆನ್ನುವುದೂ ಸರಿಯಲ್ಲ. ಕಾವ್ಯವು ನಿಂತಿರುವುದು ಗುರುವಿನ ಪ್ರಶ್ನೆಗೂ ಶಿಷ್ಯನ ಉತ್ತರಕ್ಕೂ ನಡುವಣ ಅವಕಾಶದಲ್ಲಿ. ಶಾಂತಿಶಬ್ದವನ್ನು ಕುರಿತ ಟಿಪ್ಪಣಿಯ ಪಾಠಾಂತರವೂ ಇದನ್ನೇ ಸೂಚಿಸುವಂತಿದೆ. ೧೯೨೨ರ ಆವೃತ್ತಿಯಲ್ಲಿ, ಬುದ್ಧಿಗೆ ಮೀರಿದ ಶಾಂತಿಯೆಂಬ ಬೈಬಲ್ಲಿನ ಮಾತು ಈ ಶಬ್ದದ ಅರ್ಥಕ್ಕೆ ದುರ್ಬಲವಾದ ಅನುವಾದವೆಂದಿದ್ದನು. ಮುಂದಿನ ಮುದ್ರಣಗಳಲ್ಲಿ ಅದೇ ಮಾತು ಸಮಾನಾರ್ಥಕವೆಂದು ತಿದ್ದಲ್ಪಟ್ಟಿತು. ಬ್ರೂಕ್ಸನ ಓದು ಈ ತಿದ್ದಿದ ಕವಿಗೆ ಹತ್ತಿರವಾದುದು. ೧೯೨೨ರ ಕವಿಗೆ ಎರಡು ಶಬ್ದಗಳ ನಡುವಣ ಅಂತರ ಇನ್ನೂ ಕಾಣುತ್ತಿತ್ತು.

೬

ಮೂಲ ಹಸ್ತಪ್ರತಿಯ ಚರಿತ್ರೆಯನ್ನೂ ಹೇಳಿ ಈ ವಿಚಾರವನ್ನು ಮುಗಿಸಬಹುದು. ೧೯೨೨ರಲ್ಲಿ ಎಲಿಯಟನು ಅದನ್ನು ಜಾನ್ ಕ್ವಿನ್ ಎಂಬ ನ್ಯೂಯಾರ್ಕಿನ ನ್ಯಾಯವಾದಿಗೆ ಕೊಟ್ಟನು. ಕ್ವಿನ್ ೧೯೨೪ರಲ್ಲಿ ತೀರಿಕೊಂಡನು. ಅನಂತರ ಅದು ಎಲ್ಲಿದೆಯೆಂದು ವಿದ್ವಾಂಸರಿಗೆ ತಿಳಿಯಲಿಲ್ಲ. ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದವರು ೧೯೫೮ರಲ್ಲಿ ಅದನ್ನು ಕೊಂಡಿದ್ದರೂ ಆ ಸಂಗತಿಯು ಪ್ರಕಟವಾದುದು ಕವಿ ತೀರಿಕೊಂಡ ಮೇಲೆ, ೧೯೬೮ರಲ್ಲಿ. ಕವಿಪತ್ನಿ ವ್ಯಾಲರಿ ಎಲಿಯಟ್ ಅವರು ೧೯೭೧ರಲ್ಲಿ ಅದರ ಯಥಾಪ್ರತಿಯನ್ನು ಸಂಪಾದಿಸಿ ಹೊರತಂದಾಗ, ಪೌಂಡನು ಎಷ್ಟು ಕಡಿದನೆಂಬುದು ಕಣ್ಣಿಗೆ ಕಂಡಿತು. ಅರ್ಧಶತಮಾನದ ವಿಮರ್ಶೆ ಹುಡುಕಿದ ಏಕತೆಯಲ್ಲಿ ಇನ್ನೊಬ್ಬ ಕವಿಯ ಕತ್ತರಿಯ ಪಾಲೂ ಇತ್ತು.

ಕನ್ನಡಕ್ಕೂ ಈ ಕಥೆಗೂ ಸಂಬಂಧವಿಲ್ಲದೆ ಇಲ್ಲ. ನಮ್ಮ ನವ್ಯಕವಿಗಳಲ್ಲಿ ಹಲವರು ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ‘ಭೂಮಿಗೀತ’ದ ಕವಿ ಶ್ರೀ ಗೋಪಾಲಕೃಷ್ಣ ಅಡಿಗರು ಅವರಲ್ಲಿ ಪ್ರಮುಖರು, ಅವರ ಕಾವ್ಯವನ್ನು ಎಲಿಯಟನೊಡನೆ ಹೋಲಿಸುವುದು ಕನ್ನಡ ವಿಮರ್ಶೆಯಲ್ಲಿ ರೂಢಿಯಾಗಿದೆ. ಕೇಂಬ್ರಿಜ್ಜಿನಲ್ಲಿ ಲೀವಿಸನ ಬಳಿ ಓದಿ ಬಂದ ಶ್ರೀ ಸಿ. ಡಿ. ನರಸಿಂಹಯ್ಯನವರು ೧೯೫೨ರಲ್ಲಿ ಮೈಸೂರಿನಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆಯನ್ನು ಸ್ಥಾಪಿಸಿದರು. ವಸ್ತುಪ್ರತಿರೂಪ, ಕೃತಿನಿಷ್ಠ ವಿಮರ್ಶೆ ಮೊದಲಾದ ಮಾತುಗಳು ನಮ್ಮ ಪರಿಭಾಷೆಗೆ ಬಂದುದು ಈ ಕಾಲದ ಸಂಪರ್ಕದಿಂದ. ಇಂಗ್ಲೆಂಡಿನಲ್ಲಿ ಮೊದಲು ಕಾವ್ಯ, ಆಮೇಲೆ ಟಿಪ್ಪಣಿ, ಆಮೇಲೆ ವಿಮರ್ಶೆ ಬಂದುವು. ನಮ್ಮ ತರಗತಿಗಳಿಗೆ ಮೂರೂ ಒಂದೇ ಗಂಟಾಗಿ ಬಂದುವು. ಆದುದರಿಂದ ವಿದ್ಯಾರ್ಥಿಯು ವಿವರಣೆಯನ್ನೇ ಕಾವ್ಯವೆಂದು ತಿಳಿಯುವ ಅಪಾಯ ಇಲ್ಲಿ ಹೆಚ್ಚು.

ಪ್ರಯೋಗಶೀಲ ಕಾವ್ಯಕ್ಕೆ ವಿಮರ್ಶೆ ಬೇಡವೆಂದು ಇದರಿಂದ ತಾತ್ಪರ್ಯವಲ್ಲ. ವಿಲ್ಸನ್, ಏಕನ್, ರಿಚರ್ಡ್ಸರು ಇಲ್ಲದೆ ಹೋಗಿದ್ದರೆ ಈ ಕಾವ್ಯಕ್ಕೆ ಓದುಗರು ದೊರೆಯುವುದು ಕಷ್ಟವಾಗುತ್ತಿತ್ತು. ಲ್ಯೂಕಸನಂಥ ವಿರೋಧಿಯು ಇಲ್ಲದೆ ಹೋಗಿದ್ದರೆ ಅದರ ಸಮರ್ಥಕರು ತಮ್ಮ ವಾದವನ್ನು ಅಷ್ಟು ಹದಗೊಳಿಸುತ್ತಿರಲಿಲ್ಲ. ಆದರೆ ಉಪನಿಷತ್ತನ್ನು ತನ್ನ ಪರಂಪರೆಯಲ್ಲಿಯೇ ಪಡೆದಿರುವ ಅಧ್ಯಾಪಕನು ಗುಡುಗಿನ ಅಕ್ಷರದ ಅರ್ಥಕ್ಕಾಗಿ ಜರ್ಮನ್ ಅನುವಾದವನ್ನು ಸೂಚಿಸುವ ಟಿಪ್ಪಣಿಯಲ್ಲಿಯೇ ನಿಲ್ಲಬೇಕಾಗಿಲ್ಲ. ಮೂಲವನ್ನು ತೆರೆದು, ಕವಿ ಏನನ್ನು ತೆಗೆದುಕೊಂಡನು, ಏನನ್ನು ಬಿಟ್ಟನು ಎಂದು ವಿದ್ಯಾರ್ಥಿಗಳೊಡನೆ ಕೂಡಿ ನೋಡಬಹುದು. ಆಗ ಪ್ರಜಾಪತಿಯ ಪ್ರಶ್ನೆಗೆ ಅವರು ತಮ್ಮ ಕಿವಿಯಿಂದ ಕೇಳಿದ ಉತ್ತರವನ್ನೇ ಹೇಳಿಯಾರು.